ಪೀಪಾಯಿ ಷೆಡ್ಡಿನ ವಿಮಲಾಕ್ಷಿ

ವಿಮಾನಪುರದಿಂದ ಮುರುಗೇಶಪಾಳ್ಯದ ಕಡೆಗೆ ಹೋಗುವ ದಾರಿಯಲ್ಲಿ, ಒಂದು ಹೊಂಗೆಮರದ ಪಕ್ಕ, ದೊಡ್ಡ ಪೀಪಾಯಿಯನ್ನು ಉದ್ದಕ್ಕೆ ಸೀಳಿ ನೆಲದ ಮೇಲೆ ಬೋರಲು ಹಾಕಿದಂತೆ ಒಂದು ಷೆಡ್ಡು ಇತ್ತು. ಅದರಲ್ಲಿ ಗೋಡೆ ಎಲ್ಲಿಗೆ ಮುಗಿಯಿತು, ಸೂರು ಎಲ್ಲಿ ಶುರುವಾಯಿತು ಎಂದು ಹೇಳುವುದು ಕಷ್ಟ. ಒಂದು ಬದಿಯ ನೆಲದಿಂದ ಎದ್ದ ಅಲೆಅಲೆಯ ತಗಡು ತಲೆಯ ಮೇಲೆ ಬಾಗಿ ಹೋಗಿ ಇನ್ನೊಂದು ಬದಿಯ ನೆಲಕ್ಕೆ ಇಳಿಯುತ್ತಿತ್ತು. ಎರಡು ತುದಿಗಳಲ್ಲಿ ಮಾತ್ರ ಇಟ್ಟಿಗೆಯ ಗೋಡೆ, ಒಂದರಲ್ಲಿ ಬಾಗಿಲು, ಇನ್ನೊಂದರಲ್ಲಿ ಕಿಟಕಿ. ಸುತ್ತಲಿನವರು ಅದನ್ನು ಪೀಪಾಯಿ ಷೆಡ್ಡು ಎನ್ನುತ್ತಿದ್ದರು. ಒಳಗೆ ಕೂತು ಅ ಆ ಇ ಈ ಕಲಿಯುತ್ತಿದ್ದ ಮಕ್ಕಳು ಆನೆಹೊಟ್ಟೆ ಎನ್ನುತ್ತಿದ್ದರು.

ಆ ಷೆಡ್ಡಿನಲ್ಲಿ ಮಹಿಳಾ ಸಂಘವೊಂದು ನಡೆಸುತ್ತಿದ್ದ ಶಿಶುವಿಹಾರಕ್ಕೆ ವಿಮಲಾಕ್ಷಿ ಟೀಚರಾಗಿ ಬಂದದ್ದು ತೊಂಬತ್ತೊಂದರ ಬೇಸಿಗೆಯಲ್ಲಿ. ರಾಣೆಬೆನ್ನೂರಿನ ಕಡೆಯವಳು. ಮದುವೆಯಾಗಿ ಗಂಡ ಸಿದ್ಧಲಿಂಗೇಶನ ಜೊತೆ ಬೆಂಗಳೂರಿಗೆ ಬಂದು ಹಲಸೂರಿನ ವಠಾರವೊಂದರಲ್ಲಿ ಸಂಸಾರ ಹೂಡಿದ್ದಳು. ಕರೆಂಟು ಕಂಬ ನಿಲ್ಲಿಸುವ ಕಂಪನಿಯೊಂದರಲ್ಲಿ ಅವನು ಸೂಪರ್‌ವೈಸರು. ಮದುವೆಯಾದ ಮರುವರ್ಷವೇ ಅವನನ್ನು ಭೋಪಾಲದ ಕಡೆಗೆ ಹಾಕಿದರು. "ಮನೆ ಸಿಕ್ಕ ಕೂಡ್ಲೆ ಬಂದು ಕರ್ಕೊಂಡು ಹೋಗ್ತೀನಿ" ಎಂದು ಹೇಳಿ ಹೋದವನು ಮೊದಮೊದಲು ವಾರವಾರವೂ ಕಾಗದ ಹಾಕಿದ. ಆಮೇಲೆ ಹಬ್ಬಕ್ಕೊಂದು. ಆಮೇಲೆ ಅದೂ ಇಲ್ಲ. ಆ ಕಡೆ ಹೋಗಿ ಬಂದ ಸಂಬಂಧಿಕರೊಬ್ಬರು, ಹೇಳಲೋ ಬೇಡವೋ ಎಂದು ಕಾಫಿ ಲೋಟವನ್ನು ಬಹಳ ಹೊತ್ತು ತಿರುಗಿಸುತ್ತ ಕೂತು, ಕೊನೆಗೆ ಹೇಳಿದರು. ಅಲ್ಲಿ ಅವನಿಗೆ ಇನ್ನೊಂದು ಸಂಸಾರವಿದೆ. ಗಂಡು ಮಗುವಾಗಿದೆ.

ವಿಮಲಾಕ್ಷಿ ಅಳಲಿಲ್ಲ, ಕೂಗಾಡಲಿಲ್ಲ, ಯಾರಿಗೂ ಹೇಳಲೂ ಇಲ್ಲ. ತವರಿಗೆ ಹೋಗೋಣವೆಂದರೆ ಮದುವೆಗೆ ಬಂದ ತಂಗಿಯರು ಅಲ್ಲಿದ್ದರು. ಗಂಡ ಬಿಟ್ಟ ಅಕ್ಕ ಮನೆಯಲ್ಲಿದ್ದಾಳೆ ಎಂದರೆ ಅವರನ್ನು ಕೇಳಿಕೊಂಡು ಬರುವವರು ಯಾರು? ವಠಾರದವರು ಕೇಳಿದಾಗ, "ಟ್ರಾನ್ಸ್‌ಫರ್ ಆಗೇತ್ರಿ. ದೀಪಾವಳಿಗೆ ಬರ್ತಾರ" ಎಂದಳು. ದೀಪಾವಳಿ ಹೋಯಿತು. "ರಜಾ ಸಿಗಲಿಲ್ಲಂತ್ರಿ" ಎಂದಳು. ಮುಂದಿನ ವರ್ಷವೂ ಅದನ್ನೇ ಹೇಳಿದಳು. ಬರಬರುತ್ತಾ ವಠಾರದವರು ಕೇಳುವುದನ್ನೇ ನಿಲ್ಲಿಸಿದರು. ಸುಳ್ಳು ಹೇಳುವಾಗ ಆಗದಿದ್ದ ಅವಮಾನ ಅವರು ಕೇಳುವುದನ್ನು ಬಿಟ್ಟಾಗ ಆಯಿತು.

ಹಾಗಾಗಿ ಅವಳಿಗೆ ಷೆಡ್ಡೇ ಮನೆಯಾಯಿತು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಬೀಗ ತೆಗೆಯುತ್ತಿದ್ದಳು, ಸಂಜೆ ಕೊನೆಯ ಮಗುವೂ ಹೋದ ಮೇಲೆ ಮಣೆಗಳನ್ನು ಮತ್ತೆ ಮತ್ತೆ ಜೋಡಿಸುತ್ತ ಹೊತ್ತು ಕಳೆಯುತ್ತಿದ್ದಳು. ಆ ಮನೆಯೂ ಸುಲಭದ್ದಾಗಿರಲಿಲ್ಲ. ಬಾಗಿದ ತಗಡಿಗೆ ಒರಗಿಸಿ ಒಂದು ಕಪಾಟು ಇಡುವಂತಿಲ್ಲ. ಮೇಲಿನ ಬೋಲ್ಟಿಗೆ ದಾರ ಕಟ್ಟಿ ಕ್ಯಾಲೆಂಡರು ತೂಗುಹಾಕಿದರೆ ಅದು ಎಲ್ಲಿಗೂ ತಾಗದೆ ಗಾಳಿಯಲ್ಲಿ ತಿರುಗುತ್ತಿತ್ತು. ಏಪ್ರಿಲ್ ಬಂತೆಂದರೆ ಒಳಗೆ ಹೆಂಚು ಕಾದಂತೆ ಕಾಯುತ್ತಿತ್ತು. ಗೋಣಿತಟ್ಟುಗಳನ್ನು ನೆನೆಸಿ ತಗಡಿನ ಮೇಲೆ ಎಸೆದು, ಮಕ್ಕಳನ್ನು ಹೊಂಗೆಮರದ ಅಡಿಗೆ ಕರೆದುಕೊಂಡು ಹೋಗಬೇಕು. ಹತ್ತಿರದ ನಿಲ್ದಾಣಕ್ಕೆ ವಿಮಾನ ಇಳಿಯುವಾಗ ಇಡೀ ಷೆಡ್ಡು ಗುಂಯ್ ಎನ್ನುತ್ತಿತ್ತು. ಇನ್ನು ಮಳೆ ಬಂದರಂತೂ ಮುಗಿಯಿತು. ಜೋಳವನ್ನು ಮೂಟೆಗಟ್ಟಲೆ ತಗಡಿನ ಮೇಲೆ ಸುರಿದಂತಹ ಸದ್ದು. ಪಕ್ಕದಲ್ಲಿ ನಿಂತು ಕಿರುಚಿದರೂ ಕೇಳಿಸದು. ಚಿಕ್ಕ ಮಕ್ಕಳು ಹೆದರಿ ಅಳುತ್ತಿದ್ದವು. ಬಾಯಿ ತೆರೆದಿರುವುದು ಕಾಣುತ್ತಿತ್ತು, ಅಳು ಕೇಳುತ್ತಿರಲಿಲ್ಲ.

ಒಂದು ಮಳೆಗಾಲ ತಗಡು ಸೋರತೊಡಗಿತು. ರಿಪೇರಿಗೆಂದು ಸಂಘದವರು ಶಿವಾಜಿನಗರದಿಂದ ಇನಾಯತ್ ಉಲ್ಲಾ ಎಂಬ ತಗಡಿನ ಕೆಲಸದ ಮುದುಕರನ್ನು ಕರೆಸಿದರು. ಬಿಳಿ ಗಡ್ಡ, ಮಾಸಿದ ಟೋಪಿ, ಸೊಂಟಕ್ಕೊಂದು ಸ್ಪ್ಯಾನರುಗಳ ಚೀಲ. ಅವರು ಏಣಿ ಹತ್ತುವ ಮೊದಲು ಷೆಡ್ಡಿನ ಸುತ್ತ ಒಂದು ಸಲ ನಡೆದು, ಬಹಳ ದಿನದ ಮೇಲೆ ಸಿಕ್ಕ ಪರಿಚಯದವರನ್ನು ನೋಡುವಂತೆ ಅದನ್ನು ನೋಡಿದರು.

"ಇದು ಲಡಾಯಿ ಟೈಮಿಂದು, ಬೇಟಿ" ಎಂದರು ವಿಮಲಾಕ್ಷಿಗೆ. "ನಿಸೆನ್ ಹಟ್ ಅಂತಾರೆ. ನಿಸೆನ್ ಅಂತ ಯಾರೋ ಮಿಲಿಟರಿ ಇಂಜಿನಿಯರ್ರು ಮೊದಲ್ನೇ ಲಡಾಯಿಯಲ್ಲಿ ಕಂಡುಹಿಡಿದ್ನಂತೆ. ಕಬ್ಬಿಣದ ಕಮಾನು, ಬಗ್ಗಿಸಿದ ತಗಡು, ಬೋಲ್ಟು. ಅಷ್ಟೇ. ಲಾರೀಲಿ ತಂದು ಬೆಳಿಗ್ಗೆ ಇಳಿಸಿದ್ರೆ ಸಂಜೆಗೆ ಸಿಪಾಯಿಗಳು ಒಳಗೆ ಮಲಗ್ಬಹುದು. ಎರಡನೇ ಲಡಾಯಿಯಲ್ಲಿ ನಮ್ಮ ಕಂಟೋನ್ಮೆಂಟ್ ತುಂಬಾ ಇವೇ ಇದ್ವು ಅಂತ ನಮ್ಮ ಅಬ್ಬಾ ಹೇಳ್ತಿದ್ರು. ಎಷ್ಟೋ ಹಟ್‌ಗಳಿಗೆ ಬೋಲ್ಟ್ ಹಾಕಿದ್ದು ಅವರೇ."

"ಲಡಾಯಿ ಮುಗದ ಮ್ಯಾಲೆ ಏನ್ ಮಾಡಿದ್ರು?"

"ಏನೇನು ಮಾಡ್ಲಿಲ್ಲ ಹೇಳಿ! ಹರಾಜು ಹಾಕಿದ್ರು. ಒಂದು ಬೇಕರಿ ಆಯ್ತು, ಒಂದು ಗ್ಯಾರೇಜು, ಒಂದು ಎಮ್ಮೆ ಕೊಟ್ಟಿಗೆ. ಒಂದ್ರಲ್ಲಿ ಮದುವೆ ಪಾತ್ರೆಗಳ ಗೋಡೌನು ಇತ್ತು. ಸಿಪಾಯಿಗೆ ನಾಲ್ಕು ದಿನ ಇರ್ಲಿ ಅಂತ ಮಾಡಿದ್ದು ಇದು. ಮಾಡಿದವರು ಹೋದ್ರು, ಮಲಗಿದವರು ಹೋದ್ರು, ಇದು ಇನ್ನೂ ನಿಂತಿದೆ ನೋಡಿ."

ಅವರ ಮಗಳು ಶಂಶುನ್ನೀಸಾ ಮುರುಗೇಶಪಾಳ್ಯದಲ್ಲೇ ಇದ್ದಳು, ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುತ್ತಿದ್ದಳು. ಅವಳ ಗಂಡ ಶಫಿ ಲಾರಿ ಡ್ರೈವರು, ತಿಂಗಳಲ್ಲಿ ಹೆಚ್ಚು ದಿನ ರಸ್ತೆಯ ಮೇಲೆಯೇ. ಅವರಿಗೊಬ್ಬಳೇ ಮಗಳು, ಸುಮೈರಾ. ಐದು ವರ್ಷದ ಆ ಮಗುವಿಗೆ ಹುಟ್ಟಿನಿಂದಲೇ ಕಿವಿ ಕೇಳಿಸುತ್ತಿರಲಿಲ್ಲ, ಮಾತೂ ಬಂದಿರಲಿಲ್ಲ. ಯಾವ ನರ್ಸರಿಯವರೂ ಸೇರಿಸಿಕೊಂಡಿರಲಿಲ್ಲ. ರಿಪೇರಿಯ ಕೆಲಸ ಮುಗಿದ ದಿನ ಇನಾಯತ್ ಉಲ್ಲಾ ಮೊಮ್ಮಗಳನ್ನು ಕೈಹಿಡಿದು ತಂದು ಬಾಗಿಲಲ್ಲಿ ನಿಂತರು. "ಕಲಿಸೋದು ಬೇಡ ಬೇಟಿ. ಮಕ್ಕಳ ಮಧ್ಯೆ ಕೂತ್ಕೊಂಡ್ರೆ ಸಾಕು."

ವಿಮಲಾಕ್ಷಿ ಬೇಡವೆನ್ನಲಿಲ್ಲ.

ಸುಮೈರಾ ಬಂದ ಹೊಸದರಲ್ಲಿ ತಗಡಿಗೆ ಬೆನ್ನು ಕೊಟ್ಟು ಮೂಲೆಯಲ್ಲಿ ಕೂತಿರುತ್ತಿದ್ದಳು. ವಿಮಾನ ಬಂದಾಗ ಅಂಗೈಯನ್ನು ತಗಡಿಗೆ ಒತ್ತಿ ಹಿಡಿದು ಕಣ್ಣರಳಿಸುತ್ತಿದ್ದಳು. ಮಿಕ್ಕ ಮಕ್ಕಳು ಎರಡು ದಿನ ಅವಳನ್ನು ಮುಟ್ಟಿ ನೋಡಿದರು, ಕಿವಿಯ ಹತ್ತಿರ ಚಪ್ಪಾಳೆ ತಟ್ಟಿ ನೋಡಿದರು, ಆಮೇಲೆ ಮರೆತುಬಿಟ್ಟರು. ಮೂಲೆಯಲ್ಲಿ ಒಂಟಿಯಾಗಿ ಕೂತ ಆ ಮಗುವನ್ನು ನೋಡಿದಾಗಲೆಲ್ಲ ವಿಮಲಾಕ್ಷಿ ಪಾಠ ನಿಲ್ಲಿಸಿ ಹತ್ತಿರ ಹೋಗಿ ಕೂರುತ್ತಿದ್ದಳು. ಏನು ಮಾಡಬೇಕೆಂದು ಅವಳಿಗೆ ತಿಳಿದಿರಲಿಲ್ಲ.

ದಾರಿ ತೋರಿಸಿದ್ದು ಮಳೆ. ಜುಲೈ ತಿಂಗಳ ಒಂದು ಮಧ್ಯಾಹ್ನ ಇದ್ದಕ್ಕಿದ್ದಂತೆ ಕತ್ತಲು ಕವಿದು ಧೋ ಎಂದು ಸುರಿಯಿತು. ವಿಮಲಾಕ್ಷಿಯ ಪದ್ಯ ಅರ್ಧಕ್ಕೇ ನಿಂತಿತು. ಮಕ್ಕಳು ಕಿವಿ ಮುಚ್ಚಿಕೊಂಡು ಒಬ್ಬರನ್ನೊಬ್ಬರು ತಬ್ಬಿಕೊಂಡರು. ಆಗ ಮೂಲೆಯಿಂದ ಸುಮೈರಾ ಎದ್ದಳು. ಅವಳಿಗೆ ಇದೇಕೆ ಹೀಗಾಯಿತು ಎಂದು ಗೊತ್ತಿರಲಿಲ್ಲ; ಎಲ್ಲರೂ ಬಾಯಿ ಆಡಿಸುತ್ತಿದ್ದಾರೆ, ಯಾರಿಗೂ ಯಾರ ಮಾತೂ ಮುಟ್ಟುತ್ತಿಲ್ಲ ಎನ್ನುವುದು ಮಾತ್ರ ಕಂಡಿರಬೇಕು. ಅವಳು ನಡುವೆ ಬಂದು ನಿಂತಳು. ಅಳುತ್ತಿದ್ದ ಹುಡುಗಿಯ ಗಲ್ಲ ಹಿಡಿದೆತ್ತಿ, ಎರಡು ಬೆರಳಿನಿಂದ ತನ್ನ ಕೆನ್ನೆಯ ಮೇಲೆ ನೀರಿಳಿಸಿ ತೋರಿಸಿ, ಅಂಗೈಯಿಂದ ಅದನ್ನು ಒರೆಸಿ ಬಿಸಾಕಿದಳು. ಆ ಹುಡುಗಿ ಬಿಟ್ಟ ಕಣ್ಣು ಬಿಟ್ಟಂತೆಯೇ ಅಳು ನಿಲ್ಲಿಸಿದಳು. ಆಮೇಲೆ ಸುಮೈರಾ ಕೈಗಳನ್ನು ಸೊಂಡಿಲು ಮಾಡಿದಳು. ಎಲ್ಲರೂ ಆನೆಯಾದರು. ರೆಕ್ಕೆ ಮಾಡಿದಳು, ಎಲ್ಲರೂ ವಿಮಾನವಾಗಿ ಇಳಿದರು. ಮಳೆ ನಿಲ್ಲುವವರೆಗೂ ಆ ಷೆಡ್ಡಿನಲ್ಲಿ ಅವಳದೇ ರಾಜ್ಯ. ವಿಮಲಾಕ್ಷಿಯೂ ಸೆರಗು ಸಿಕ್ಕಿಸಿಕೊಂಡು ಆನೆಯಾದಳು. ಎಷ್ಟೋ ಕಾಲದ ಮೇಲೆ ಅವಳು ಅಂದು ಹೊಟ್ಟೆ ಹಿಡಿದು ನಕ್ಕಳು.

ಅಲ್ಲಿಂದ ಮುಂದೆ ಷೆಡ್ಡಿಗೆ ತನ್ನದೇ ಒಂದು ಕೈಮಾತು ಹುಟ್ಟಿತು. ಮುಷ್ಟಿಯ ಮೇಲೆ ಅಂಗೈ ಮುಚ್ಚಿದರೆ ಊಟದ ಡಬ್ಬಿ. ಕಿರುಬೆರಳು ಎತ್ತಿದರೆ ಹೊರಗೆ ಹೋಗಬೇಕು. ಮೂಗಿನ ಎಡಗಡೆ ಒಂದು ಬೆರಳು ಮುಟ್ಟಿಸಿದರೆ ಮೂಗುಬೊಟ್ಟಿನ ಟೀಚರು, ಅಂದರೆ ವಿಮಲಾಕ್ಷಿ. ಮಳೆಯಿಲ್ಲದ ದಿನವೂ ಮಕ್ಕಳು ಹಾಗೆಯೇ ಮಾತಾಡತೊಡಗಿದರು. ಹಲಸೂರಿನ ಕೋಣೆಯಲ್ಲಿ ಅನ್ನಕ್ಕಿಟ್ಟು ಕಾಯುವಾಗ ವಿಮಲಾಕ್ಷಿಯ ಕೈಗಳು ತಾವಾಗಿಯೇ ಆಡುತ್ತಿದ್ದವು. ಅಲ್ಲಿ ನೋಡುವವರು ಯಾರೂ ಇರಲಿಲ್ಲ.

ಒಂದು ಸಂಜೆ ಶಂಶುನ್ನೀಸಾಗೆ ಫ್ಯಾಕ್ಟರಿಯಲ್ಲಿ ಓವರ್‌ಟೈಮ್ ಬಿತ್ತು. ಷೆಡ್ಡಿನಲ್ಲಿ ಉಳಿದವರು ವಿಮಲಾಕ್ಷಿ ಮತ್ತು ಸುಮೈರಾ ಇಬ್ಬರೇ. ದೀಪಾವಳಿ ಹತ್ತಿರವಿತ್ತು. ಬೆಳಿಗ್ಗೆ ತಂಗಿಯಿಂದ ಕಾಗದ ಬಂದಿತ್ತು, ಭಾವ ಈ ಸಲವಾದರೂ ಬರುತ್ತಾರಾ ಎಂದು. ವಿಮಲಾಕ್ಷಿ ಸುಮೈರಾಳ ಜಡೆ ಬಿಚ್ಚಿ ಮತ್ತೆ ಹೆಣೆದು ಮುಗಿಸಿದಳು. ಎದುರಿಗೆ ಕೂರಿಸಿಕೊಂಡು ರಿಬ್ಬನ್ ಸರಿಮಾಡುತ್ತ, ಹೇಗೂ ಕೇಳಿಸದಲ್ಲ ಎಂಬ ಧೈರ್ಯದಿಂದ ಬಾಯಿಬಿಟ್ಟಳು. ಅಷ್ಟು ವರ್ಷ ಯಾರ ಮುಂದೆಯೂ ಆಡದ ಮಾತು.

"ಅವರು ಬರಂಗಿಲ್ಲ, ಸುಮ್ಮಿ. ಅವರು ಬರಂಗಿಲ್ಲ. ನಾನು ಸುಳ್ಳು ಹೇಳ್ಕೋತ ಬಂದೀನಿ."

ಹೇಳುವಾಗ ಅವಳ ಕೈ ಷೆಡ್ಡಿನ ರೂಢಿಯಂತೆ, ಗಂಡಸೆನ್ನಲು ಮೇಲ್ದುಟಿಯ ಮೇಲೆ ಮೀಸೆ ಎಳೆದು, ಇಲ್ಲವೆನ್ನಲು ಅಂಗೈಯನ್ನು ಆಚೆಗೆ ಬೀಸಿತ್ತು. ಅದು ಅವಳ ಗಮನಕ್ಕೇ ಬರಲಿಲ್ಲ. ಸುಮೈರಾ ಮಾತ್ರ ಅವಳ ತುಟಿಗಳನ್ನೇ ನೋಡುತ್ತಿದ್ದಳು.

ಆ ಮಗುವಿಗೆ ಅದೊಂದು ಹೊಸ ಆಟವಾಯಿತು. ಮನೆಗೆ ಹೋಗಿ ಮೀಸೆ ಎಳೆದಳು, ಕೈ ಬೀಸಿದಳು, ಸದ್ದಿಲ್ಲದೆ ತುಟಿ ಆಡಿಸಿದಳು. ಮತ್ತೆ ಮತ್ತೆ. ಮಗಳ ಕೈ, ಮುಖ, ತುಟಿ ನೋಡಿಯೇ ಅವಳ ಮನಸ್ಸು ತಿಳಿಯುತ್ತಿದ್ದ ಶಂಶುನ್ನೀಸಾ ಒಲೆಯ ಮುಂದೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನೋಡಿದಳು. ಬರಂಗಿಲ್ಲ. ತಮ್ಮ ಮನೆಯಲ್ಲಿ ಆಡುವ ಮಾತಲ್ಲ ಅದು, ಈ ಬೀದಿಯಲ್ಲೂ ಯಾರೂ ಹಾಗೆನ್ನುವುದಿಲ್ಲ. ಹಾಗೆ ಮಾತಾಡುವವರು ಅವಳಿಗೆ ಗೊತ್ತಿದ್ದವರು ಒಬ್ಬರೇ. ಮೂಗಿನ ಎಡಗಡೆ ಬೆರಳು ಮುಟ್ಟಿಸಿ ಮಗಳನ್ನು ಕೇಳಿದಳು. ಮಗಳು ಹೌದೆಂದು ತಲೆಯಾಡಿಸಿದಳು. ಗಂಡ ದೀಪಾವಳಿಗೆ ಬರುತ್ತಾರೆಂದು ಟೀಚರು ಪ್ರತಿ ವರ್ಷ ಹೇಳುತ್ತಿದ್ದದ್ದು ಶಂಶುನ್ನೀಸಾಗೆ ನೆನಪಾಯಿತು.

ಶಂಶುನ್ನೀಸಾ ಅದನ್ನು ಯಾರಿಗೂ ಹೇಳಲಿಲ್ಲ. ದೀಪಾವಳಿಯ ದಿನ ಹಲಸೂರಿನ ವಠಾರವನ್ನು ಹುಡುಕಿಕೊಂಡು ಬಂದು ಬಾಗಿಲಲ್ಲಿ ನಿಂತಳು. ಸಂಗಡ ಮಗಳು, ಕೈಯಲ್ಲಿ ಮುಚ್ಚಿದ ಒಂದು ಡಬ್ಬಿ.

"ಅಕ್ಕ, ಹಬ್ಬದ ದಿನ ಒಬ್ರೇ ಯಾಕಿರ್ತೀರಾ? ನಮ್ಮನೇಗೆ ಬನ್ನಿ."

"ಅವರು ಇವತ್ತೋ ನಾಳೆನೋ..." ಎಂದು ಶುರುಮಾಡಿದ ವಿಮಲಾಕ್ಷಿ ಶಂಶುನ್ನೀಸಾಳ ಮುಖ ನೋಡಿದಳು. ಅವಳಿಗೆ ಗೊತ್ತಿದೆ ಎನ್ನುವುದು ಆ ಮುಖದಲ್ಲೇ ಕಂಡಿತು. ಹೇಗೆ ಗೊತ್ತಾಯಿತೆಂದು ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು. ಸುಮೈರಾ ಅವಳ ಸೀರೆಯ ನೆರಿಗೆ ಹಿಡಿದು ಜಗ್ಗುತ್ತಿದ್ದಳು.

"ಸೀರೆ ಬದಲಿಸಿ ಬರ್ತೇನಿ. ಒಳಗ ಕುಂದರ್ರಿ" ಎಂದಳು. ಗಂಡನ ಮಾತು ಆಮೇಲೂ ಅವರಿಬ್ಬರ ನಡುವೆ ಬರಲಿಲ್ಲ.

ಸುಮೈರಾಗೆ ಏಳು ತುಂಬಿದಾಗ ಅವಳನ್ನು ಸರಿಯಾದ ಶಾಲೆಗೆ ಸೇರಿಸಲೇಬೇಕೆಂದು ಹಟ ಹಿಡಿದವಳು ವಿಮಲಾಕ್ಷಿಯೇ. ಕಿವುಡ ಮಕ್ಕಳ ಹಾಸ್ಟೆಲ್ ಶಾಲೆಯೊಂದು ಊರಿನ ಇನ್ನೊಂದು ತುದಿಯಲ್ಲಿತ್ತು. ಅಷ್ಟು ದೂರ ಬೇಡವೆಂದು ಶಂಶುನ್ನೀಸಾ ಅತ್ತಳು. "ಇಲ್ಲಿ ಇದ್ರ ಅಕಿ ಆನಿ ಆಟ ಆಡ್ಕೋತ ದೊಡ್ಡಾಕಿ ಆಗ್ತಾಳ. ಅಷ್ಟು ಸಾಕೇನು?" ಎಂದು ವಿಮಲಾಕ್ಷಿ ಗದರಿದಳು. ತಾನೇ ಜೊತೆಗೆ ಹೋಗಿ, ಅಲ್ಲಿನ ಮೇಡಮ್ಮನವರ ಹತ್ತಿರ ಮಾತಾಡಿ, ಸೇರಿಸಿ ಬಂದಳು. ಗೇಟಿನ ಹತ್ತಿರ ಸುಮೈರಾ ಮೂಗಿನ ಎಡಗಡೆ ಬೆರಳಿಟ್ಟುಕೊಂಡೇ ನಿಂತಿದ್ದಳು. 

ಮರುದಿನ ಷೆಡ್ಡಿಗೆ ಬಂದಾಗ ಮೂಲೆ ಖಾಲಿಯಿತ್ತು. ಸುಮೈರಾ ಹೋದಮೇಲೆ ಆ ಕೈಮಾತೂ ನಿಧಾನಕ್ಕೆ ಸತ್ತಿತು. ಹೊಸದಾಗಿ ಬಂದ ಮಕ್ಕಳಿಗೆ ವಿಮಲಾಕ್ಷಿ ಕಲಿಸಲು ನೋಡಿದಳು. ಮಾತು ಬರುವ ಮಕ್ಕಳಿಗೆ ಅದು ಯಾಕೆ ಬೇಕು? ಅವು ನಕ್ಕು ಸುಮ್ಮನಾದವು.

ಮೊದಲ ಬೇಸಿಗೆ ರಜೆಗೆ ಸುಮೈರಾ ಬರುತ್ತಾಳೆಂದು ಗೊತ್ತಾದಾಗ ವಿಮಲಾಕ್ಷಿ ಕೊಬ್ಬರಿ ಮಿಠಾಯಿ ಮಾಡಿಕೊಂಡು ಮುರುಗೇಶಪಾಳ್ಯಕ್ಕೆ ಓಡಿದಳು. ಹುಡುಗಿ ಉದ್ದವಾಗಿದ್ದಳು. ಓಡಿ ಬಂದು ತಬ್ಬಿಕೊಂಡಳು, ಆಮೇಲೆ ಕೈಯೆತ್ತಿ ಮಾತಿಗೆ ತೊಡಗಿದಳು. ಬೆರಳುಗಳು ಬಿಡಿಸಿಕೊಂಡವು, ಮಡಿಸಿಕೊಂಡವು, ಎದೆ ಮುಟ್ಟಿದವು, ಗಾಳಿಯಲ್ಲಿ ತಿರುಗಿದವು. ಶಾಲೆಯಲ್ಲಿ ಕಲಿಸಿದ ನಿಜವಾದ ಭಾಷೆ. ವಿಮಲಾಕ್ಷಿಗೆ ಅದರಲ್ಲಿ ಒಂದೂ ತಿಳಿಯಲಿಲ್ಲ. ಅವಳು ಮುಷ್ಟಿಯ ಮೇಲೆ ಅಂಗೈ ಮುಚ್ಚಿ ತೋರಿಸಿದಳು, ಮಿಠಾಯಿ ತಂದಿದ್ದೇನೆ ಎಂದು. ಸುಮೈರಾ ಒಂದು ಗಳಿಗೆ ತಡೆದು ನೋಡಿದಳು. ನೆನಪಾಯಿತೇನೋ, ನಕ್ಕಳು. ಆಮೇಲೆ ಕೈಗಳನ್ನು ತುಂಬ ನಿಧಾನ ಮಾಡಿ, ಚಿಕ್ಕ ಮಗುವಿಗೆ ಹೇಳುವಂತೆ, ಬಿಡಿಸಿ ಬಿಡಿಸಿ ಹೇಳಿದಳು. ಆ ಕರುಣೆಯನ್ನು ತಡೆದುಕೊಳ್ಳುವುದೇ ವಿಮಲಾಕ್ಷಿಗೆ ಕಷ್ಟವಾಯಿತು. ಬೇಗ ಎದ್ದಳು. ಹಲಸೂರಿನವರೆಗೆ ನಡೆದೇ ಹೋದಳು. ಒಳ್ಳೆಯದಾಯಿತು, ಹೀಗೇ ಆಗಬೇಕಿತ್ತು ಎಂದು ದಾರಿಯುದ್ದಕ್ಕೂ ತನಗೆ ತಾನೇ ಹೇಳಿಕೊಂಡಳು.

ಶಿಶುವಿಹಾರದಲ್ಲಿ ಮಕ್ಕಳು ಕಡಿಮೆಯಾಗುತ್ತ ಬಂದರು. ಸುತ್ತ ಇಂಗ್ಲಿಷ್ ನರ್ಸರಿಗಳು ತಲೆಯೆತ್ತಿದ್ದವು, ಸಮವಸ್ತ್ರ, ವ್ಯಾನು, ಬಣ್ಣದ ಜಾರುಬಂಡೆ ಎಲ್ಲ ಅಲ್ಲಿದ್ದವು. ಸಂಘಕ್ಕೆ ಹೊಸದಾಗಿ ಕಾರ್ಯದರ್ಶಿಯಾದ ರಶ್ಮಿ ಒಳ್ಳೆಯ ಹುಡುಗಿಯೇ. ಬಂದು ಷೆಡ್ಡಿನ ಒಳಗೆ ನಿಂತು ಬೆವರು ಒರೆಸಿಕೊಂಡಳು.

"ಆಂಟಿ, ಈ ಡಬ್ಬಾ ಒಳಗೆ ಮಕ್ಕಳನ್ನ ಕೂರಿಸೋದಕ್ಕೇ ಭಯ ಆಗುತ್ತೆ. ಕಮಿಟಿಯಲ್ಲಿ ಡಿಸೈಡ್ ಮಾಡಿದೀವಿ, ಇದನ್ನ ತೆಗೆದು ಕಮ್ಯುನಿಟಿ ಹಾಲ್ ಕಟ್ಟಿಸೋದು ಅಂತ. ನೀವು ಹಾಲ್ ನೋಡ್ಕೊಳ್ಳೋಕೆ ಇದ್ಬಿಡಿ."

"ಮಕ್ಕಳು?"

"ಮಕ್ಕಳು ಎಲ್ಲಿದಾರೆ ಆಂಟಿ ಈಗ?"

ವಿಮಲಾಕ್ಷಿ ಹಾಜರಿ ಪುಸ್ತಕ ಮುಚ್ಚಿಟ್ಟಳು. ಹಾಲ್ ನೋಡಿಕೊಳ್ಳುವ ಕೆಲಸ ಬೇಡವೆಂದಳು.

ಷೆಡ್ಡನ್ನು ಕೊಂಡವರು ಇನಾಯತ್ ಉಲ್ಲಾ. ಬಿಚ್ಚಲು ಬಂದ ಬೆಳಿಗ್ಗೆ ಅವರಿಗೆ ಏಣಿ ಹತ್ತಲು ಆಗುತ್ತಿರಲಿಲ್ಲ. ಕೆಳಗೆ ಸ್ಟೂಲಿನ ಮೇಲೆ ಕೂತು, ಕೆಲಸದವನಾದ ಮುಕ್ತಾರ್‌ಗೆ ಯಾವ ಬೋಲ್ಟು ಮೊದಲು, ಯಾವುದು ಆಮೇಲೆ ಎಂದು ಹೇಳಿಕೊಟ್ಟರು. ವಿಮಲಾಕ್ಷಿ ಹೊಂಗೆಮರದ ಅಡಿಯಲ್ಲಿ ನಿಂತು ನೋಡಿದಳು. ತಗಡು ಒಂದೊಂದಾಗಿ ಕಳಚಿತು. ಮಾಸಿದ ನೀಲಿ ಬಣ್ಣ ಸುಲಿದ ಕಡೆ ಹಳದಿ, ಅದರ ಅಡಿಯಲ್ಲಿ ಮಿಲಿಟರಿ ಹಸಿರು, ಅದರ ಮೇಲೆ ಅಳಿಸಿಹೋದ ಯಾವುದೋ ನಂಬರು. ಒಳಗಡೆ, ಮಕ್ಕಳ ಕೈಗೆ ಎಟುಕುವಷ್ಟು ಎತ್ತರದವರೆಗೆ ಸೀಮೆಸುಣ್ಣದ ಗೀಟುಗಳು. ಮಧ್ಯಾಹ್ನದ ಹೊತ್ತಿಗೆ ಬರೀ ಕಮಾನುಗಳು ಉಳಿದವು, ಸಂಜೆಯ ಹೊತ್ತಿಗೆ ಅವೂ ಇಲ್ಲ, ತುದಿಯ ಇಟ್ಟಿಗೆ ಗೋಡೆಗಳೂ ಇಲ್ಲ. ಕೆಂಪು ನೆಲದ ಒಂದು ತುಂಡು ಮಾತ್ರ ಬಯಲಿನಲ್ಲಿ ಬಿದ್ದಿತ್ತು. ಅಷ್ಟು ಚಿಕ್ಕ ಜಾಗದಲ್ಲಿ ಅಷ್ಟು ವರ್ಷ ಇದ್ದೆನೇ ಎಂದು ಅವಳಿಗೆ ಆಶ್ಚರ್ಯವಾಯಿತು.

"ಕೆ.ಆರ್.ಪುರದಲ್ಲಿ ಒಬ್ಬರು ಈರುಳ್ಳಿ ಮಂಡಿ ಇಟ್ಟಿದಾರೆ, ಅವರಿಗೆ ಬೇಕಂತೆ" ಎಂದರು ಮುದುಕರು. "ಅಲ್ಲಿ ನಿಂತ್ಕೊಳ್ಳುತ್ತೆ. ಇದಕ್ಕೆ ಸಾವಿಲ್ಲ ಬೇಟಿ."

ಅವರೇ ಮುಂದಿನ ಚಳಿಗಾಲದಲ್ಲಿ ತೀರಿಕೊಂಡರು. ಶಂಶುನ್ನೀಸಾ, ಮಗಳಿಗೆ ಹತ್ತಿರವಾಗಲೆಂದು, ಹಾಸ್ಟೆಲ್ ಶಾಲೆಯ ಕಡೆಗೆ ಮನೆ ಬದಲಿಸಿದಳು. ಹಬ್ಬಕ್ಕೆ ಬಂದು ಹೋಗುವುದು ಇತ್ತು, ಆಮೇಲಾಮೇಲೆ ಫೋನು ಮಾತ್ರ. ಸುಮೈರಾ ಕಂಪ್ಯೂಟರ್ ಕಲಿಯುತ್ತಿದ್ದಾಳೆ ಎಂದು ಒಂದು ಸಲ ಹೇಳಿದಳು. ಫೋನಿನಲ್ಲಿ ಸುಮೈರಾಳ ಜೊತೆ ಮಾತಾಡುವುದು ಹೇಗೆ? "ಚೊಲೋ ಇರು ಅಂತ ಹೇಳು" ಎಂದು ವಿಮಲಾಕ್ಷಿ ಫೋನು ಇಟ್ಟಳು.

ಒಂದೆರಡು ವರ್ಷ ಅವರಿವರ ಮನೆಯ ಮಕ್ಕಳನ್ನು ನೋಡಿಕೊಂಡಳು. ಬಸ್ಸಿನಲ್ಲಿ ದೊಮ್ಮಲೂರಿನ ಮೇಲೆ ಹೋಗುವಾಗ ಆಫೀಸುಗಳ ಎತ್ತರದ ಕಟ್ಟಡಗಳು ಏಳುವುದು ಕಾಣುತ್ತಿತ್ತು. ಪ್ರತಿ ಕಟ್ಟಡದ ಬುಡದಲ್ಲೂ ಹೊಸ ತಗಡಿನ ಷೆಡ್ಡುಗಳ ಸಾಲು. ಇವು ಕಮಾನಿನವಲ್ಲ, ಚೌಕದವು, ಒಂದಕ್ಕೊಂದು ಅಂಟಿಕೊಂಡವು. ಕಂಟ್ರಾಕ್ಟರು ಲಾರಿಯಲ್ಲಿ ತಂದು ನಿಲ್ಲಿಸಿದವು. ರಾಯಚೂರು, ಯಾದಗಿರಿ ಕಡೆಯಿಂದ ಬಂದ ಕೆಲಸಗಾರರು ಅವುಗಳಲ್ಲಿದ್ದರು. ತಾಯಂದಿರು ಜಲ್ಲಿ ಹೊರುವಾಗ ಮಕ್ಕಳು ಮರಳಿನ ಗುಡ್ಡೆಯ ಮೇಲೆ ಆಡುತ್ತಿದ್ದವು. ಒಂದು ದಿನ ವಿಮಲಾಕ್ಷಿ ಬಸ್ಸಿನಿಂದ ಇಳಿದು ಒಳಗೆ ಹೋದಳು. ಸೈಟಿನ ಮೇಸ್ತ್ರಿ ಮಲ್ಲಪ್ಪನನ್ನು ಕಂಡು, ಖಾಲಿಯಿರುವ ಒಂದು ಷೆಡ್ಡು ಕೊಟ್ಟರೆ ಮಕ್ಕಳನ್ನು ನೋಡಿಕೊಳ್ಳುತ್ತೇನೆ ಎಂದಳು. ಅವಳ ಮಾತಿನ ಧಾಟಿ ಕೇಳಿ ಮಲ್ಲಪ್ಪನ ಮುಖ ಅರಳಿತು. "ನಮ್ಮ ಕಡೆಯವ್ರು ಬಂದ್ರಲ್ಲ! ಬರ್ರಿ ಅಕ್ಕಾರ" ಎಂದು ಸಿಮೆಂಟು ಚೀಲಗಳನ್ನು ಹೊರಗೆ ಹಾಕಿಸಿ ಜಾಗ ಮಾಡಿಕೊಟ್ಟ. ಕಂಟ್ರಾಕ್ಟರಿಗೆ ಹೇಳಿ ಸಂಬಳವನ್ನೂ ಗೊತ್ತುಮಾಡಿಸಿದ.

ಆ ಮಕ್ಕಳು ಉಳಿಯುವ ಮಕ್ಕಳಲ್ಲ. ಒಂದಕ್ಕೆ ಅಕ್ಷರ ಕೂಡಿಸಲು ಬಂತು ಎನ್ನುವಷ್ಟರಲ್ಲಿ ಅದರ ತಂದೆತಾಯಿ ಬೇರೆ ಸೈಟಿಗೆ ಹೊರಟಿರುತ್ತಿದ್ದರು. ಹೋಗುತ್ತೇವೆಂದು ಹೇಳುವ ಪದ್ಧತಿಯೂ ಇರಲಿಲ್ಲ. ಬೆಳಿಗ್ಗೆ ಬಂದರೆ ಪಕ್ಕದ ಷೆಡ್ಡಿನ ಬಾಗಿಲು ತೆರೆದಿರುತ್ತಿತ್ತು, ಒಳಗೆ ಆರಿದ ಒಲೆಯ ಮೂರು ಇಟ್ಟಿಗೆ. ಮೊದಮೊದಲು ಅವಳು ಆ ಬಾಗಿಲುಗಳ ಮುಂದೆ ನಿಲ್ಲುತ್ತಿದ್ದಳು. ಕ್ರಮೇಣ ಬಂದ ಮಕ್ಕಳ ಹೆಸರನ್ನು ಮೊದಲ ದಿನವೇ ಕೇಳಿ ಕಲಿಯುವುದನ್ನು ರೂಢಿಮಾಡಿಕೊಂಡಳು. ಎರಡನೆಯ ದಿನ ಇರುತ್ತವೋ ಇಲ್ಲವೋ.

ದೊಮ್ಮಲೂರಿನ ಆ ಕಟ್ಟಡಕ್ಕೆ ಗಾಜು ಹಾಕಿ ಮುಗಿದ ವಾರ ಷೆಡ್ಡುಗಳನ್ನು ಬಿಚ್ಚಿದರು. ಮಲ್ಲಪ್ಪ ಲಾರಿಯ ಹತ್ತಿರ ನಿಂತು ತಗಡು ಏರಿಸುವುದನ್ನು ನೋಡುತ್ತಿದ್ದ.

"ಮುಂದಿಂದು ವೈಟ್‌ಫೀಲ್ಡ್ ದಾಟಿ ಐತ್ರಿ ಅಕ್ಕಾರ. ಹಲಸೂರಿಂದ ದಿನಾ ಬರೂದು ನಿಮ್ಗ ಆಗಂಗಿಲ್ಲ ಬಿಡ್ರಿ."

"ಅಲ್ಲೆ ನನಗೂ ಒಂದು ಷೆಡ್ಡು ಹಾಕಿಸು" ಎಂದಳು ವಿಮಲಾಕ್ಷಿ. "ಮಕ್ಕಳಿಗೊಂದು, ನನಗೊಂದು."

"ನೀವು ತಗಡಿನಾಗ ಮಲಗ್ತೀರಿ?"

ಅಂದೇ ಅವಳು ವಠಾರದ ಕೋಣೆಗೆ ಹೋಗಿ ಸೀರೆಗಳನ್ನೂ ಪಾತ್ರೆಗಳನ್ನೂ ಎರಡು ಚೀಲಕ್ಕೆ ತುಂಬಿದಳು. ಪಕ್ಕದ ಮನೆಯ ಪೀರಮ್ಮ ಬಾಗಿಲಿಗೆ ಬಂದು, "ಎಲ್ಲಿಗೆ ಹೊರಟ್ರಿ? ಯಜಮಾನ್ರ ಹತ್ರ ಹೋಗ್ತಿದೀರಾ?" ಎಂದು ಕೇಳಿದಳು. ಎಷ್ಟೋ ವರ್ಷದ ಮೇಲೆ ಯಾರೋ ಕೇಳಿದ ಪ್ರಶ್ನೆ.

"ಇಲ್ರಿ. ಅವರು ಅಲ್ಲೆ ಇನ್ನೊಂದು ಮನಿ ಮಾಡ್ಯಾರ. ನಾನು ಕೆಲಸಕ್ಕ ಹೊಂಟೀನಿ."

ಪೀರಮ್ಮ ಒಂದು ಚೀಲ ಎತ್ತಿಕೊಂಡು ಬಸ್‌ಸ್ಟಾಪಿನವರೆಗೆ ಬಂದಳು. ಬಸ್ಸು ತುಂಬಿತ್ತು. ವಿಮಲಾಕ್ಷಿ ಚೀಲಗಳನ್ನು ಕಾಲಿನ ನಡುವೆ ಇಟ್ಟುಕೊಂಡು, ಕಂಬಿ ಹಿಡಿದು ನಿಂತೇ ಹೋದಳು.